ತೊಳೆದು ಹೋದ ದಾಕು

“ನೀರು...”

ಹಜೀರಾಬೀಯ ಮನೆಯೊಳಗಿಂದ ಬಂದ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಉಚ್ಚೆಂಗಿಗೆ ಮೊದಲು ಬೆಕ್ಕು ಕೂಗಿರಬೇಕು ಅನ್ನಿಸಿತು. ಅವಳು ಸ್ಕೂಲು ಮುಗಿಸಿಕೊಂಡು ಹರಿಹರದಿಂದ ಗುತ್ತೂರಿಗೆ ನಡೆದು ಬಂದಿದ್ದಳು. ಇನ್ನೆರಡು ಮನೆ ದಾಟಿದರೆ ಅವಳ ಮನೆಯೇ. ಆದರೆ ಕಾಲು ಅಲ್ಲೇ ನಿಂತುಬಿಟ್ಟಿತು.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಬೇವಿನ ಸೊಪ್ಪು ಕಂಡ ಮನೆಯೊಳಗೆ ಕಾಲಿಡಬಾರದು ಎಂದು ಊರಿನ ಎಳೆ ಮಕ್ಕಳಿಗೂ ಗೊತ್ತು. ಒಳಗೆ ಯಾರಿಗೋ ಸಿಡುಬು ಎದ್ದಿದೆ ಎಂದು ಅದರ ಅರ್ಥ. ಸಿಡುಬು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಅಮ್ಮ ಬಂದಾಳೆ’ ಎಂದು ಪಿಸುಗುಟ್ಟಿ, ಕೈಮುಗಿದು, ಬಿರಬಿರನೆ ದಾಟಿ ಹೋಗುತ್ತಿದ್ದರು.

ಹಜೀರಾಬೀ ಒಂಟಿ ಮುದುಕಿ. ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಆ ಬೀದಿಯ ಮಕ್ಕಳೆಲ್ಲ ಚಳಿಗಾಲದಲ್ಲಿ ಮಲಗುತ್ತಿದ್ದದ್ದು ಅವಳು ಹೊಲಿದ ಕೌದಿಯೊಳಗೇ. ಮಗ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ. ಅವನಿಗೆ ಹೇಳಿ ಕಳಿಸಿದ್ದರು, ಇನ್ನೂ ಬಂದಿರಲಿಲ್ಲ. ಬೇವಿನ ಸೊಪ್ಪು ಸಿಕ್ಕಿಸಿದವಳು ಉಚ್ಚೆಂಗಿಯ ಅಜ್ಜಿ ಕಾಟಮ್ಮ. ಬೆಳಿಗ್ಗೆ ಬೆಳಿಗ್ಗೆ ಒಂದು ಗಡಿಗೆ ಮಜ್ಜಿಗೆಯನ್ನು ಹೊಸ್ತಿಲ ಹೊರಗೆ ಇಟ್ಟು, ದೂರದಿಂದಲೇ ಅಡ್ಡಬಿದ್ದು ಬರುತ್ತಿದ್ದವಳೂ ಅವಳೇ. ಹೊಸ್ತಿಲು ದಾಟುವ ಧೈರ್ಯ ಮಾತ್ರ ಅಜ್ಜಿಗೂ ಇರಲಿಲ್ಲ.

ಈವತ್ತು ಆ ಗಡಿಗೆಯನ್ನು ನಾಯಿ ಉರುಳಿಸಿ ಹೋಗಿತ್ತು. ಮಜ್ಜಿಗೆಯೆಲ್ಲ ಮಣ್ಣು ಕುಡಿದಿತ್ತು.

“ನೀರು... ಯಾರಾದ್ರೂ...”

ಉಚ್ಚೆಂಗಿಗೆ ಓಡಿಹೋಗೋಣ ಅನ್ನಿಸಿತು. ಆದರೆ ಮಧ್ಯಾಹ್ನವಷ್ಟೇ ಕ್ಲಾಸಿನಲ್ಲಿ ಅವಳು ಒಂದು ದೊಡ್ಡ ಮಾತು ಆಡಿಬಿಟ್ಟಿದ್ದಳು.

ಸಿಸ್ಟರ್ ಬೆನೆಡಿಕ್ಟಾ ಕತೆ ಹೇಳಿದ್ದರು. ಅವರು ಮಂಗಳೂರಿನ ಕಡೆಯವರು. ಸ್ಕೂಲಿನ ಪಕ್ಕದ ಸಣ್ಣ ಆಸ್ಪತ್ರೆ ನೋಡಿಕೊಳ್ಳುತ್ತಿದ್ದರು, ಶುಕ್ರವಾರ ಮಾತ್ರ ಕ್ಲಾಸಿಗೆ ಬಂದು ಸಂತರ ಕತೆ ಹೇಳುತ್ತಿದ್ದರು. ಪುಸ್ತಕದಲ್ಲಿ ಬರೆದ ಹಾಗೆ ಮಾತಾಡುತ್ತಾರೆಂದು ಹುಡುಗಿಯರು ಹಿಂದಿನಿಂದ ನಗುತ್ತಿದ್ದದ್ದುಂಟು. ಈವತ್ತಿನ ಕತೆ ಸಂತ ಅಲೋಶಿಯಸ್‌ನದು. ಅವನು ದೊಡ್ಡ ಮನೆತನದ ಹುಡುಗ. ಅದೆಲ್ಲ ಬಿಟ್ಟು ಸನ್ಯಾಸಿಯಾದ. ರೋಮ್ ಪಟ್ಟಣಕ್ಕೆ ಪ್ಲೇಗ್ ಬಂದಾಗ, ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಸೇರಿಸಿದ. ಕೊನೆಗೆ ಅದೇ ಜಾಡ್ಯ ತಗಲಿ, ಇನ್ನೂ ಎಳೆ ವಯಸ್ಸಿನಲ್ಲೇ ತೀರಿಕೊಂಡ.

ಕತೆ ಮುಗಿಯುತ್ತಲೇ ಉಚ್ಚೆಂಗಿ ಎದ್ದು ನಿಂತು, ನಾನಿದ್ದಿದ್ದರೂ ಹಾಗೇ ಮಾಡುತ್ತಿದ್ದೆ ಎಂದಿದ್ದಳು. ಬೆಂಚಿನ ಮೇಲೆ ಕೂತವರಿಗೆ ಧೈರ್ಯಕ್ಕೇನು ಬರ! ಸಿಸ್ಟರ್ ಅವಳನ್ನೇ ನೋಡಿ ಸಣ್ಣಗೆ ನಕ್ಕಿದ್ದರು.

ಈಗ ಆ ಮಾತು ಬೆನ್ನು ಹತ್ತಿತ್ತು.

‘ನನಗೆ ದಾಕು ಹಾಕಿದ್ದಾರೆ’ ಎಂದು ಉಚ್ಚೆಂಗಿ ತನಗೆ ತಾನೇ ಹೇಳಿಕೊಂಡಳು. ಬೇಸಿಗೆಗೆ ಮುಂಚೆ ಸ್ಕೂಲಿನಲ್ಲಿ ಎಲ್ಲ ಮಕ್ಕಳಿಗೂ ಸಿಡುಬು ತಡೆಯುವ ದಾಕು ಹಾಕಿದ್ದರು. ತೋಳಿನ ಮೇಲೆ ಒಂದು ಹನಿ ಔಷಧ ಬಿಟ್ಟು, ಹಲ್ಲುಹಲ್ಲಾಗಿದ್ದ ಸಣ್ಣ ಬಿಲ್ಲೆಯೊಂದನ್ನು ಒತ್ತಿ ಗರಕ್ಕನೆ ತಿರುಗಿಸಿದ್ದರು. ದಾಕು ಹಾಕಿಸಿಕೊಂಡವರಿಗೆ ಸಿಡುಬಿನ ಭಯವಿಲ್ಲ ಎಂದು ಸಿಸ್ಟರೇ ಹೇಳಿದ್ದರು. ಅಂದಮೇಲೆ ಹೆದರುವುದು ಯಾಕೆ? ಆದರೂ ಹೊಸ್ತಿಲು ದಾಟುವಾಗ ಅವಳ ಮೊಣಕಾಲು ನಡುಗುತ್ತಿದ್ದವು.

ಒಳಗೆ ಕತ್ತಲು. ಅದರ ಜೊತೆಗೆ ಕೊಳೆತಂಥ ವಾಸನೆ. ಚಾಪೆಯ ಮೇಲೆ ಮಲಗಿದ್ದವಳ ಮುಖ ನೋಡಿ ಉಚ್ಚೆಂಗಿಗೆ ಕಿರುಚಬೇಕು ಅನ್ನಿಸಿತು. ಅದು ಹಜೀರಾಬೀಯ ಮುಖವೇ ಅಲ್ಲ. ಹಣೆ, ಕೆನ್ನೆ, ತುಟಿ, ಎಲ್ಲ ಕಡೆ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು. ಕಣ್ಣು ಊದಿ ಮುಚ್ಚಿಕೊಂಡಿದ್ದವು.

ಮೂಲೆಯಲ್ಲಿದ್ದ ಕೊಡದಿಂದ ಲೋಟಕ್ಕೆ ನೀರು ಬಗ್ಗಿಸುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಅವಳು ಮುಖ ಆ ಕಡೆ ತಿರುಗಿಸಿಕೊಂಡೇ ಮುದುಕಿಯ ತಲೆಯ ಕೆಳಗೆ ಕೈ ಹಾಕಿ ಎತ್ತಿದಳು. ತಲೆ ಕಾದ ಹಂಚಿನ ಹಾಗಿತ್ತು.

“ಯಾರು, ಉಚ್ಚೆಂಗೀನಾ? ಬ್ಯಾಡ ಬೇಟಿ. ಹೊರಗ ಹೋಗು,” ಎಂದಳು ಹಜೀರಾಬೀ. ಹಾಗೆ ಹೇಳಿದವಳೇ ಲೋಟಕ್ಕೆ ಬಾಯಿ ಹಚ್ಚಿ ಗಟಗಟ ಕುಡಿದಳು. ಇನ್ನೊಂದು ಲೋಟ ಕೊಟ್ಟಾಗ ಅದನ್ನೂ ಕುಡಿದಳು.

ಬಾಗಿಲಲ್ಲಿ ನೆರಳು ಬಿತ್ತು. ದಿನಾ ಸಂಜೆ ಹಜೀರಾಬೀಯನ್ನು ನೋಡಲು ಬರುತ್ತಿದ್ದ ಸಿಸ್ಟರ್ ಬೆನೆಡಿಕ್ಟಾ ಚೀಲ ಹಿಡಿದು ನಿಂತಿದ್ದರು. ಉಚ್ಚೆಂಗಿಗೆ ಹೋದ ಜೀವ ಬಂದ ಹಾಗಾಯಿತು. ಇನ್ನೇನು ಸಿಸ್ಟರ್ ಶಹಭಾಸ್ ಅನ್ನುತ್ತಾರೆ, ಮುಂದಿನ ಶುಕ್ರವಾರ ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳುತ್ತಾರೆ ಎಂದುಕೊಂಡಳು.

ಸಿಸ್ಟರ್ ಶಹಭಾಸ್ ಅನ್ನಲಿಲ್ಲ. ಅವಳನ್ನು ಹೊರಗೆ ಬೆಳಕಿಗೆ ಕರೆದುಕೊಂಡು ಬಂದರು.

“ನಂಗೆ ದಾಕು ಹಾಕೈತಲ್ಲ ಸಿಸ್ಟರ್,” ಎಂದಳು ಉಚ್ಚೆಂಗಿ.

ಅವರು ಅವಳ ಜಾಕೀಟಿನ ತೋಳು ಮೇಲೆ ಸರಿಸಿದರು. ತೋಳು ನುಣ್ಣಗಿತ್ತು, ದಾಕಿನ ಕಲೆಯೇ ಇರಲಿಲ್ಲ. ಇನ್ನೊಂದು ತೋಳು ನೋಡಿದರು. ಅಲ್ಲೂ ಏನೂ ಇರಲಿಲ್ಲ.

ದಾಕು ಹಾಕಿದ ಮೇಲೆ ಗುಳ್ಳೆ ಎದ್ದಿತ್ತಾ, ಕೀವು ತುಂಬಿತ್ತಾ, ಜ್ವರ ಬಂದಿತ್ತಾ ಎಂದು ಸಿಸ್ಟರ್ ಒಂದೊಂದಾಗಿ ಕೇಳಿದರು. ಉಚ್ಚೆಂಗಿ ಎಲ್ಲದಕ್ಕೂ ಇಲ್ಲ ಎಂದು ತಲೆ ಆಡಿಸಿದಳು. ದಾಕು ಎದ್ದಿದೆಯೋ ಇಲ್ಲವೋ ಎಂದು ಎಲ್ಲರ ತೋಳು ನೋಡಿದ ದಿನ ಅವಳು ಸ್ಕೂಲಿಗೇ ಹೋಗಿರಲಿಲ್ಲ. ಅಂದು ಹುಣ್ಣಿಮೆ. ಅಜ್ಜಿ ಅವಳನ್ನು ಉಚ್ಚೆಂಗಿ ಗುಡ್ಡಕ್ಕೆ, ಅವಳ ಹೆಸರಿನ ಅಮ್ಮ ದೇವರ ಹತ್ತಿರ ಕರೆದುಕೊಂಡು ಹೋಗಿದ್ದಳು.

“ಔಷಧ ಹಾಕಿದ ದಿನ ಮನೆಗೆ ಹೋಗಿ ಏನು ಮಾಡಿದೆ? ಹೆದರದೆ ಹೇಳು,” ಎಂದರು ಸಿಸ್ಟರ್.

“ನಾನೇನೂ ಮಾಡ್ಲಿಲ್ಲ. ಅಜ್ಜಿ ಬೇವಿನ ನೀರಾಗ ತಿಕ್ಕಿ ತೊಳದು, ಅಮ್ಮನ ಭಂಡಾರ ಹಚ್ಚಿದ್ಲು. ಚುಚ್ಚಿದ್ದಂತೂ ಹೋಗಲ್ಲಲ್ಲ ಅಂತ ಸುಮ್ನಿದ್ದೆ.”

ಸಿಸ್ಟರ್ ಕಟ್ಟೆಯ ಮೇಲೆ ಕುಸಿದು ಕುಳಿತರು. ಅವರ ಮುಖ ಬಿಳಿಚಿಕೊಂಡಿತ್ತು. ದೊಡ್ಡವರು ಹಾಗೆ ಹೆದರಿದ್ದನ್ನು ಉಚ್ಚೆಂಗಿ ಅದುವರೆಗೆ ನೋಡಿರಲಿಲ್ಲ.

“ಔಷಧ ಚುಚ್ಚಿದ್ದರಲ್ಲಿ ಇರುವುದಿಲ್ಲ ಮಗಾ. ಆ ಹನಿಯಲ್ಲಿ ಇರುವುದು,” ಎಂದರು.

ಅಜ್ಜಿ ತೊಳೆದದ್ದು ಆ ಹನಿಯನ್ನೇ ಎಂದು ಉಚ್ಚೆಂಗಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಕೂಡಲೇ ಮೈಯೆಲ್ಲ ತಣ್ಣಗಾಯಿತು. ಮುದುಕಿಯ ತಲೆ ಎತ್ತಿದ ಕೈಯನ್ನು ತನ್ನ ಮೈಯಿಂದ ದೂರ ಚಾಚಿ ಹಿಡಿದಳು. ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು, ಆದರೆ ಕೈ ಬಿಟ್ಟು ಓಡುವುದು ಹೇಗೆ? ಕೆನ್ನೆ ತುರಿಸಿದ ಹಾಗಾಯಿತು. ಆಗಲೇ ಎದ್ದಿತೇ? ಅವಳಿಗೆ ಅಳು ಒತ್ತರಿಸಿ ಬಂತು.

ಸಿಸ್ಟರ್ ಘಾಟು ವಾಸನೆಯ ಔಷಧದ ನೀರಿನಲ್ಲಿ ಅವಳ ಕೈ ತೊಳೆಸಿದರು. ಈವತ್ತೇ ಮತ್ತೆ ದಾಕು ಹಾಕಿದರೆ ಕಾಯಿಲೆ ಬರದಂತೆ ತಡೆಯಬಹುದು, ತಡ ಮಾಡಿದರೆ ಯಾರ ಕೈಯಲ್ಲೂ ಇಲ್ಲ ಎಂದರು. ಔಷಧ ಹರಿಹರದ ಆಸ್ಪತ್ರೆಯಲ್ಲಿ, ಐಸಿನ ಡಬ್ಬಿಯಲ್ಲಿತ್ತು. ಹಜೀರಾಬೀಯ ಕೈಗೆ ಸಿಗುವಂತೆ ನೀರು, ಗಂಜಿ ಇಟ್ಟು, ಸಿಸ್ಟರ್ ಮನೆಯವರನ್ನು ಕೇಳಲು ಉಚ್ಚೆಂಗಿಯನ್ನು ಅವಳ ಮನೆಗೆ ಕರೆದುಕೊಂಡು ಹೊರಟರು.

ಅಪ್ಪ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟಿನಲ್ಲಿದ್ದ. ಅವ್ವ ತಮ್ಮನನ್ನು ಕಟ್ಟಿಕೊಂಡು ಆವರಗೆರೆಯ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ. ಸಿಸ್ಟರನ್ನು ಕಂಡವಳೇ ಬಾಗಿಲಿಗೆ ಅಡ್ಡ ನಿಂತಳು.

“ಅಲ್ಲೇ ನಿಂದ್ರಿ ಸಿಸ್ಟರಮ್ಮ. ಆ ಮನಿಯಿಂದ ಬಂದೀರಿ. ಹೊಸ್ತಿಲು ದಾಟಬ್ಯಾಡ್ರಿ.”

“ನಾನೂ ಅಲ್ಲಿಂದಾನೇ ಬಂದೆ ಅಜ್ಜಿ,” ಎಂದಳು ಉಚ್ಚೆಂಗಿ. “ನೀರು ಕುಡಿಸಿದೆ. ಮುಟ್ಟಿದೆ.”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಿಸ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದರು. ಅಜ್ಜಿ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಬ್ಯಾಡ, ದಾಕು ಬ್ಯಾಡ ಎಂಬ ಒಂದೇ ಮಾತನ್ನು ಹಿಡಿದು ಕೂತಳು. ಆಮೇಲೆ ಉಚ್ಚೆಂಗಿ ಎಂದೂ ಕೇಳಿರದ ಸಂಗತಿಯೊಂದು ಅವಳ ಬಾಯಿಂದ ಹೊರಬಿತ್ತು.

ಅಪ್ಪನಿಗೆ ಒಬ್ಬಳು ಅಕ್ಕ ಇದ್ದಳಂತೆ. ರಂಗವ್ವ ಎಂದು ಹೆಸರು. ಉಚ್ಚೆಂಗಿಯಷ್ಟೇ ಇದ್ದಾಗ ಊರಿಗೆ ದಾಕಿನವನು ಬಂದ. ಪಟೇಲರು ಗದರಿದರೆಂದು ಅಜ್ಜಿಯೇ ಮಗಳನ್ನು ಕರೆದುಕೊಂಡು ಹೋಗಿ ಹಾಕಿಸಿದಳು. ಅದೇ ವಾರ ಅಮ್ಮ ಬಂದಳು. ರಂಗವ್ವ ಉಳಿಯಲಿಲ್ಲ.

“ಅಮ್ಮನ್ನ ತಡೀತೀನಿ ಅಂತ ಹೋದೆ. ಅದಕ್ಕೇ ನನ್ ಮಗಳನ್ನ ಕರ್ಕೊಂಡ್ಲು,” ಎಂದಳು ಅಜ್ಜಿ. “ಇವಳು ಅಮ್ಮನ ಹೆಸರು ಇಟ್ಕೊಂಡೋಳು. ಮತ್ತ ಅದೇ ತಪ್ಪು ಮಾಡು ಅಂತೀರೇನು?”

ಸಿಸ್ಟರ್ ನಗಲಿಲ್ಲ, ಬೈಯಲೂ ಇಲ್ಲ. ದಾಕು ಹಾಕುವ ಮೊದಲೇ ಆ ಮಗುವಿನ ಮೈಯಲ್ಲಿ ಕಾಯಿಲೆ ಸೇರಿತ್ತೋ ಏನೋ ಎಂದು ಮೆಲ್ಲಗೆ ಹೇಳಿದರು. ಅಜ್ಜಿ ಮುಖ ತಿರುಗಿಸಿಕೊಂಡಳು.

“ನಿಮ್ಮ ಅಮ್ಮನಿಗೆ ಸಿಟ್ಟು ಬರುತ್ತದೋ ಇಲ್ಲವೋ, ನಾನು ಹೇಳಲಾರೆ ಅಜ್ಜಿ,” ಎಂದರು ಸಿಸ್ಟರ್. “ಈವತ್ತು ಔಷಧ ಹಾಕದಿದ್ದರೆ ಈ ಮಗುವಿಗೆ ಏನಾಗಬಹುದು, ಅದು ಮಾತ್ರ ನನಗೆ ಗೊತ್ತಿದೆ. ನೀವು ಬೇಡ ಅಂದರೆ ಎಳೆದುಕೊಂಡು ಹೋಗುವವಳು ನಾನಲ್ಲ.”

ಬಿಸಿಲು ಆಗಲೇ ಗೋಡೆಯ ತುದಿ ಹತ್ತಿತ್ತು. ಉಚ್ಚೆಂಗಿ ಅಂಗಳದ ನಡುವೆ, ಎರಡು ಕೈಯನ್ನೂ ದೂರ ಚಾಚಿಕೊಂಡು ನಿಂತಿದ್ದಳು. ಅಮ್ಮನ ಸಿಟ್ಟೂ ಬೇಡ, ಆ ಗುಳ್ಳೆಗಳೂ ಬೇಡ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಅವಳಿಗೆ ತಿಳಿಯಲಿಲ್ಲ. ರಂಗವ್ವನೂ ಇದೇ ಅಂಗಳದಲ್ಲಿ ಆಡಿರಬೇಕು ಅನ್ನಿಸಿ ಇನ್ನಷ್ಟು ಹೆದರಿಕೆಯಾಯಿತು.

ಅಜ್ಜಿ ಹೊಸ್ತಿಲು ಇಳಿದು ಬಂದಳು. ಬಂದವಳೇ ಉಚ್ಚೆಂಗಿಯ ಕೈ ಹಿಡಿದಳು.

“ಮುಟ್ಟಬ್ಯಾಡ ಅಜ್ಜಿ. ನಿನಗೂ ಬರ್ತೈತೆ,” ಎಂದು ಉಚ್ಚೆಂಗಿ ಕೈ ಕೊಸರಿಕೊಂಡಳು. ಅಜ್ಜಿ ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. “ನಡೀರಿ ಸಿಸ್ಟರಮ್ಮ,” ಎಂದಷ್ಟೇ ಹೇಳಿದಳು. ಬಾಗಿಲಿಗೆ ಚಿಲಕ ಹಾಕುವುದನ್ನೂ ಮರೆತಳು.

ಹರಿಹರದ ದಾರಿಯುದ್ದಕ್ಕೂ ಅಜ್ಜಿಯ ತುಟಿ ಅಲುಗುತ್ತಲೇ ಇತ್ತು. ಉಚ್ಚೆಂಗಿ ಕಿವಿಗೊಟ್ಟು ಕೇಳಿದಳು. ಅಜ್ಜಿ ಗುಡ್ಡದ ಅಮ್ಮನ ಜೊತೆ ಮಾತಾಡುತ್ತಿದ್ದಳು. ಕೂಸಿಗೇನೂ ತಿಳೀದು ತಾಯಿ, ತೊಳೆದೋಳು ನಾನು, ಕರ್ಕೊಂಡು ಹೊಂಟೋಳೂ ನಾನು ಎನ್ನುತ್ತಿದ್ದಳು. ಎದುರು ಬಂದವರು ಮಾತಾಡಿಸಿದರೂ ಅವಳಿಗೆ ಕೇಳಿಸಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಸಿಸ್ಟರ್ ಕೈ ತೊಳೆದುಕೊಂಡು, ಐಸಿನ ಡಬ್ಬಿಯಿಂದ ಗಾಜಿನ ಸಣ್ಣ ಕೊಳವೆ ತೆಗೆದರು. ಉಚ್ಚೆಂಗಿ ಸ್ಟೂಲಿನ ಮೇಲೆ ಕೂರಲು ಹೋದಳು. ಅಜ್ಜಿ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತುಬಿಟ್ಟಳು.

“ಮೊದ್ಲು ನನಗ ಹಾಕ್ರಿ.”

ಮಗುವನ್ನು ಮುಟ್ಟಿದ್ದರಿಂದ ನಿಮಗೂ ಹಾಕಲೇಬೇಕು, ಆದರೆ ಮೊದಲು ಮಗುವಿಗೆ ಆಗಲಿ ಎಂದರು ಸಿಸ್ಟರ್.

“ಇಲ್ರಿ. ಅಮ್ಮ ಸಿಟ್ಟಾಗೋದಾದ್ರ ಮೊದ್ಲು ಸಿಗೋಳು ನಾನಾಗಬೇಕು. ನನ್ ಮ್ಯಾಲ ತೀರಿಸಿಕೊಂಡು, ಕೂಸನ್ನ ಬಿಡ್ಲಿ.”

ಸಿಸ್ಟರ್ ಅಜ್ಜಿಯ ಸುಕ್ಕುಗಟ್ಟಿದ ತೋಳನ್ನು ಒರೆಸಿ, ಒಂದು ಹನಿ ಬಿಟ್ಟರು. ಬಿಲ್ಲೆ ಒತ್ತಿ ತಿರುಗಿಸಿದಾಗ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅವಳ ಮೈಯೆಲ್ಲ ನಡುಗುತ್ತಿತ್ತು. ಸ್ಟೂಲೇ ಕಟಕಟ ಅಲುಗುವಷ್ಟು ನಡುಗುತ್ತಿತ್ತು. ಹಜೀರಾಬೀಯ ಹೊಸ್ತಿಲಲ್ಲಿ ತಾನು ನಡುಗಿದ್ದು ಇದರ ಮುಂದೆ ಏನೂ ಅಲ್ಲ ಎಂದು ಉಚ್ಚೆಂಗಿಗೆ ಅನ್ನಿಸಿತು. ತನಗೆ ಅಲ್ಲಿ ದಾಕಿನ ಧೈರ್ಯವಾದರೂ ಇತ್ತು, ಅಜ್ಜಿಗೆ ಇಲ್ಲಿ ಅಂಥ ಯಾವ ಧೈರ್ಯವೂ ಇರಲಿಲ್ಲ.

ಆ ಸಂತನೂ ಹೀಗೇ ನಡುಗಿದ್ದನೇ ಎಂದು ಸಿಸ್ಟರನ್ನು ಕೇಳಬೇಕೆಂದು ಅವಳು ಬಾಯಿ ತೆರೆದಳು. ಕೇಳಲಿಲ್ಲ. ಕೇಳುವುದು ಬೇಕಾಗಿಯೂ ಇರಲಿಲ್ಲ.

ಔಷಧ ಒಣಗುವವರೆಗೆ ಮುಟ್ಟಬಾರದೆಂದು ಸಿಸ್ಟರ್ ಹೇಳಿ ಉಚ್ಚೆಂಗಿಯ ಕಡೆ ತಿರುಗಿದರು. ಅಷ್ಟರಲ್ಲಿ ಅಜ್ಜಿಯ ಇನ್ನೊಂದು ಕೈ ತನ್ನಷ್ಟಕ್ಕೇ ಸೆರಗಿನ ತುದಿ ಹಿಡಿದು ತೋಳಿನ ಹತ್ತಿರ ಹೋಯಿತು. ಹೋಗಿದ್ದು ಅಲ್ಲೇ ನಿಂತಿತು. ಅಜ್ಜಿ ಕಣ್ಣು ತೆರೆದು ಮೊಮ್ಮಗಳನ್ನು ನೋಡಿದಳು. ಸೆರಗನ್ನು ಮುಷ್ಟಿಯಲ್ಲಿ ಮುದುರಿ, ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಳು.

ಉಚ್ಚೆಂಗಿ ಅಜ್ಜಿಯ ಪಕ್ಕಕ್ಕೆ ಸರಿದು ನಿಂತು, ಜಾಕೀಟಿನ ತೋಳನ್ನು ತಾನೇ ಮೇಲಕ್ಕೆ ಸರಿಸಿದಳು.