ಹದ್ದು ಬಂದ ಮೇಲಿನ ಹತ್ತು ನಿಮಿಷ

"ಇದರಾಗ ನಮ್ಮವ್ವ ಅದಾಳ್ರಿ," ಎಂದು ಸಮತಾ ಹಳೆಯ ವಿಡಿಯೊ ಕ್ಯಾಸೆಟ್ಟೊಂದನ್ನು ಮೇಜಿನ ಮೇಲಿಟ್ಟಳು.

ಹಳೆ ಮದುವೆ ವಿಡಿಯೊಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಅಂಗಡಿ ಮೈಲಾರಿಯದು, ಸವಣೂರಿನಲ್ಲಿ. ಡಬ್ಬಿಯ ಮೇಲೆ ಕೋಳಿಯ ಚಿತ್ರ ಕಂಡು ನಕ್ಕ. "ಕೋಳಿ ಏನ್ರಿ ನಿಮ್ಮವ್ವ?"

"ಹೌದ್ರಿ, ಮುದಿಕೋಳಿ. ಕಡೀಗೆ ಬರ್ತಾಳ. ಹದ್ದಿಗೆ ಬೈತಾಳಂತ."

'ಕೆಂಚಿ ಕೋಳಿ' ಮಕ್ಕಳ ಕಾರ್ಟೂನ್ ಸಿನಿಮಾ. ಟಾಕೀಜು ಕಾಣದೆ ನೇರ ಕ್ಯಾಸೆಟ್ಟಾಗಿ ಬಂದು, ಸಂತೆಗಳಲ್ಲಿ ನಾಲ್ಕು ದಿನ ಮಾರಾಟವಾಗಿ ಜನರ ನೆನಪಿನಿಂದ ಅಳಿದುಹೋಗಿತ್ತು. ಮುದಿಕೋಳಿಗೆ ದನಿ ಕೊಟ್ಟ ಗುತ್ತೆವ್ವ, ಮಗಳಿಗೆ ಎರಡು ತುಂಬುವ ಮೊದಲೇ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಹಿರೇಕೆರೂರಿನಲ್ಲಿ ಟೀಚರಾಗಿದ್ದ ಸಮತಾ ಎರಡು ವರ್ಷ ಹುಡುಕಿದ ಮೇಲೆ ಶಿಗ್ಗಾಂವದ ಗುಜರಿಯಲ್ಲಿ ಈ ಒಂದೇ ಒಂದು ಕ್ಯಾಸೆಟ್ಟು ಸಿಕ್ಕಿತ್ತು.

ಐವತ್ತು ನಿಮಿಷದ ಸಿನಿಮಾ. ಇಳಿಸಲು ಐವತ್ತೇ ನಿಮಿಷ ಸಾಕು. ಅವಳು ಹೋದ ಮೇಲೆ ಮೈಲಾರಿ ರೀಲಿನ ಬೂಷ್ಟು ಒರೆಸಿ, ಕೊನೆತನಕ ಓಡಿಸಿಯೂ ನೋಡಿದ. ಇಳಿಸಿಕೊಳ್ಳಲಿಲ್ಲ.

"ರೀಲು ಭಾಳ ನಾಜೂಕ ಐತ್ರಿ," ಎಂದ ಫೋನಿನಲ್ಲಿ. "ವಾರಕ್ಕ ಹತ್ತ ನಿಮಿಷ ಇಳಸೂಣು. ನೀವೂ ಮುಂದ ಕುಂತಿರಬೇಕು."

"ಮೊದಲ ಕಡೀದು ಇಳಸ್ರೆಲ್ಲ?"

"ನಡುವ ಜಿಗಿಸಿದ್ರ ಹರೀತೈತ್ರಿ."

ಹೀಗೆ ಭಾನುವಾರಗಳು ಶುರುವಾದವು. ಪರದೆಯ ಬೆಳಕು ಅವಳ ಕೆನ್ನೆಯ ಮೇಲೆ ಆಡುವುದನ್ನೇ ಅವನು ನೋಡುತ್ತ ಕೂಡುತ್ತಿದ್ದ.

"ಟಿವಿ ಆ ಕಡೆ ಐತ್ರಿ, ಸಾಹೇಬ್ರ."

"ಗೊತ್ತೈತ್ರಿ. ಈ ಕಡೆ ಚಿತ್ರ ಚೊಲೊ ಬರಾಕತ್ತೈತಿ."

ಅವಳು ವೇಲಿನ ತುದಿಯಲ್ಲಿ ನಗೆ ಮುಚ್ಚಿಕೊಳ್ಳುವಳು. ಆ ನಗೆಗಾಗಿ ಅವನು ಪ್ರತಿ ವಾರ ರೀಲನ್ನು ಮೊದಲಿಗೆ ಸುತ್ತಿ, ಮತ್ತೆ ಆರಂಭದಿಂದ ಓಡಿಸಿ, ಆಮೇಲಷ್ಟೇ ಮುಂದಿನ ಹತ್ತು ನಿಮಿಷ ಇಳಿಸುವನು. ಓಡಿದಷ್ಟೂ ಹಳೆ ರೀಲು ಸವೆಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಸವಣೂರಿನಲ್ಲಿ ಯಾರೂ ಇರಲಿಲ್ಲ.

ಐದನೆಯ ಭಾನುವಾರ. ಹದ್ದು ರೆಕ್ಕೆ ಬಿಚ್ಚಿ ಇಳಿಯಿತು. ಸಮತಾ ಮೊದಲ ಸಲ ಅವನ ಕೈ ಹಿಡಿದಳು. ಮುದಿಕೋಳಿ ಬಾಯಿ ತೆರೆಯಿತು.

ಯಂತ್ರ ಕರಕರ ಎಂದಿತು. ಪರದೆ ಬೆಳ್ಳಗಾಯಿತು. ಮೈಲಾರಿ ಮುಚ್ಚಳ ತೆಗೆದರೆ ರೀಲು ಮುದ್ದೆಯಾಗಿ ಹರಿದಿತ್ತು. ಬೆರಳಿಗೆ ಕರಿ ಪುಡಿ ಹತ್ತಿತು; ಇನ್ನು ಅಂಟಿಸಿದರೂ ಓಡುವಂತಿರಲಿಲ್ಲ.

"ನಿಮ್ಮ ತಪ್ಪಲ್ಲ ಬಿಡ್ರಿ," ಎಂದು ಅವಳೇ ಕಣ್ಣೊರೆಸಿಕೊಂಡು ಸಮಾಧಾನ ಹೇಳಿದಳು.

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯ ಲಾಲಬಿ ಕಪ್ಪು ಹಿಡಿದು ಬಂದಳು. "ಏನ್ ಟೀಚರಮ್ಮ, ಇವತ್ತರ ಮುಗೀತೇನ? ಒಂದ ತಾಸಿನ ಕೆಲಸ! ನೀ ಬರ್ಲಿ ಅಂತ ಐದ ವಾರ ಜಗ್ಗ್ಯಾನ ಈ ಹುಚ್ಚ. ಇಂಥಾ ಗಂಡ ಎಲ್ಲಿ ಸಿಗ್ತಾನವಾ ನಿನಗ?"

ಯಾರೂ ನಗದಿದ್ದುದನ್ನು ಕಂಡು ಕಪ್ಪಿಟ್ಟು ಹೊರಗೆ ಹೋದಳು.

"ಖರೇ ಏನ್ರಿ?" ಎಂದಳು ಸಮತಾ.

"ಖರೇ. ನಿಮ್ಮ ಮ್ಯಾಲ ಮನಸಾತು. ಕೆಲಸ ಮುಗದ್ರ ನೀವು ಬರಂಗಿಲ್ಲ ಅಂತ..."

"ಅವತ್ತ ಮುಗಿಸಿ ಕೊಟ್ಟಿದ್ರ, ನಮ್ಮವ್ವನ ದನಿ ಕೇಳಿಸಿದ ಮನಶಾ ಅಂತ ಜೀವ ಇರೂತನಕ ಬರ್ತಿದ್ನೆಲ್ರೀ."

ಅವನು ಬೆರಳಿನ ಕರಿ ಪುಡಿಯನ್ನು ಅಂಗಿಗೆ ಒರೆಸಿಕೊಂಡ.

"ನೀವು ಕೇಳೀರೇನು ಆಕಿ ದನಿ?"

"ಮೊದಲನೇ ದಿನ. ಒಮ್ಮೆ."

"ಹೆಂಗಿತ್ತು?"

ಮೈಲಾರಿ ಕಣ್ಣು ಮುಚ್ಚಿದ. ಅಂದು ಕಿವಿ ಸಿನಿಮಾದಲ್ಲಿದ್ದರೂ ಮನಸ್ಸೆಲ್ಲ ಇವಳಲ್ಲಿತ್ತು. "ಮಾತು ನೆನಪದಾವ್ರಿ. ದನಿ ನೆನಪಿಲ್ಲ."

ಅವಳು ಫೋನಿನ ರೆಕಾರ್ಡರ್ ಒತ್ತಿ ಅವನ ಬಾಯಿಯ ಹತ್ತಿರ ಹಿಡಿದಳು. "ಮಾತರ ಹೇಳ್ರಿ. ಉಳದ ಸಿನಿಮಾಕ್ಕ ಹಚ್ಚತೇನಿ. ಸಾಲಿ ಹುಡುಗರಿಗೆ ತೋರಿಸಿದ್ರ ಮುಂದೇನಾತು ಅಂತ ಕೇಳ್ತಾವು."

"ಏ ಹದ್ದ, ನಿನ್ನ ಹೊಟ್ಟಿ ತುಂಬಾಕ ನನ್ನ ಕೂಸ ಬೇಕಾತೇನೋ? ನಿನ್ನ ರೆಕ್ಕಿಗೆ ಬೆಂಕಿ ಹಚ್ಚಲಿ..." ಮೈಲಾರಿ ಬಿಕ್ಕಿದ.

"ಅಳಬ್ಯಾಡ್ರಿ. ಬೈಯೂ ಮುಂದ ನಮ್ಮವ್ವ ಅತ್ತಿರಂಗಿಲ್ಲ. ಇನ್ನೊಮ್ಮೆ."

ಮೂರನೆಯ ಸಲಕ್ಕೆ ಸರಿ ಬಂತು. ಅವಳು ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿ ಎದ್ದಳು.

"ಮುಂದಿನ ಐತವಾರ..." ಎಂದ ಮೈಲಾರಿ.

ಚಪ್ಪಲಿ ಮೆಟ್ಟುತ್ತ ಅವಳು ಅವನನ್ನು ಒಮ್ಮೆ ಕಣ್ತುಂಬ ನೋಡಿದಳು.

"ಕೆಲಸ ಮುಗೀತಲ್ರಿ," ಎಂದಳು.