ಗೊರಗೊರ ಸದ್ದಿನ ಹಿಂದೆ

"ಬಂದ್ಯಾ? ಕೂತ್ಕೋ..."

ಖಾಲಿ ಕೋಣೆಯಲ್ಲಿ ಹೆಂಗಸಿನ ದನಿ! ಅವಳ ಜೀವ ಬಾಯಿಗೆ ಬಂತು.

ಮೂಲೆಯ ಹಳೇ ಕಂಪ್ಯೂಟರನ್ನು ಈಗಷ್ಟೇ ಆನ್ ಮಾಡಿದ್ದಳು. ಸ್ಪೀಕರಿನಿಂದ ಆ ಎರಡು ಮಾತು, ಬೆನ್ನಿಗೇ ಗೊರಗೊರ ಸದ್ದು, ಅದರೊಳಗೆ ಯಾರೋ ನರಳಿದ ಹಾಗೆ...

"ಯಾರ್ರೀ ಅದನ್ನ ಮುಟ್ಟಿದ್ದು?"

ಬಾಗಿಲಲ್ಲಿ ಅವನು! ಆಫೀಸಿನವರು ಬೆನ್ನ ಹಿಂದೆ 'ಗುಮ್ಮ' ಎನ್ನುತ್ತಿದ್ದ ಪ್ರೋಗ್ರಾಮರ್. ಲಿನಕ್ಸ್ ಕಂಪ್ಯೂಟರಿನಲ್ಲಿ ಡ್ರೈವರ್‌ಗಳನ್ನು, ಅಂದರೆ ಸ್ಪೀಕರಿನಂಥ ಭಾಗಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳನ್ನು, ಹಾಕಲು, ಬದಲಿಸಲು ಇರುವ ಆಪ್ ಬರೆದವನು ಅವನೇ. ಅದನ್ನು ಎಲ್ಲರಿಗೂ ಅರ್ಥವಾಗುವಂತೆ ತಿದ್ದಲು ಬಂದ ಡಿಸೈನರ್ ಅವಳು. ಮೊದಲ ದಿನವೇ ಈ ಗ್ರಹಚಾರ!

"ಹಳೇ ಸೌಂಡ್ ಕಾರ್ಡ್ ಇರೋದು ಇದರಲ್ಲಿ ಮಾತ್ರ. ಟೆಸ್ಟ್ ಮಾಡೋಕೆ..."

"ಬೇರೆ ಏನಾದ್ರೂ ನೋಡ್ಕೊಳ್ಳಿ. ಇದಕ್ಕೆ ಕೈ ಹಾಕ್ಬೇಡಿ!"

ಅವನ ಕಣ್ಣಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಿತ್ತು.

ಆಮೇಲೆ ಗಮನಿಸಿದಳು. ದಿನಾ ಬೆಳಿಗ್ಗೆ ಅವನು ಆ ಯಂತ್ರವನ್ನು ಆನ್ ಮಾಡುತ್ತಾನೆ, ಕಣ್ಣು ಮುಚ್ಚಿ ಆ ದನಿ ಕೇಳುತ್ತಾನೆ, ಆಫ್ ಮಾಡುತ್ತಾನೆ. ಹೆಂಡತಿಯೋ, ಪ್ರೇಯಸಿಯೋ... ಯಾರಾದರೇನು, ಈಗಿಲ್ಲದವಳು. ಮನೆಯಲ್ಲಿ ನಲ್ಲಿ ತಿರುಗಿಸಿದರೂ ಅವಳಿಗೆ ಅದೇ ನರಳಿಕೆ ಕೇಳತೊಡಗಿತು.

'ದನಿಯ ಜೊತೆ ಸಂಸಾರ ಮಾಡುವವನ ಎದೆಯಲ್ಲಿ ನನಗೆಲ್ಲಿ ಜಾಗ? ಹುಚ್ಚು ಮನಸ್ಸೇ, ಸುಮ್ಮನಿರು!'

ಮನಸ್ಸು ಸುಮ್ಮನಿದ್ದರೆ ತಾನೇ? ಕೆಲಸದ ನೆಪದಲ್ಲಿ ಜಗಳಕ್ಕೆ ಹೋಗುತ್ತಿದ್ದಳು.

"ಈಗ ಯಾವ ಡ್ರೈವರ್ ಓಡ್ತಿದೆ, ಬದಲಿಸಿದ್ರೆ ಏನಾಗುತ್ತೆ, ಕೆಟ್ಟರೆ ಏನು ಗತಿ... ಏನೂ ಹೇಳಲ್ಲ ನಿಮ್ಮ ಆಪ್. ಬರೆದವರ ಹಾಗೇ!"

ಅವನು ನಕ್ಕುಬಿಟ್ಟ. ಅವಳು ಬೆಣ್ಣೆಯಂತೆ ಕರಗಿಹೋದಳು.

ಹೊಸ ಆಪಿನಲ್ಲಿ ಅವಳು 'ಹಾಕಿ ನೋಡಿ' ಎಂಬ ಬಟನ್ ಇಟ್ಟಳು. ಹೊಸ ಡ್ರೈವರ್ ಒಗ್ಗದಿದ್ದರೆ ಹಳೆಯದು ತಾನಾಗಿ ಮರಳುತ್ತದೆ. ಅದನ್ನು ಪರೀಕ್ಷಿಸಲು ಆಫೀಸಿನ ಎಲ್ಲ ಯಂತ್ರಗಳಿಗೂ ಒಟ್ಟಿಗೇ ಕಳಿಸಿದಳು. ಮೂಲೆಯದನ್ನು ಬಿಡಬೇಕಿತ್ತು... ಮರೆತಿದ್ದಳು!

ನೆನಪಾಗಿ ಓಡಿ ಬರುವಷ್ಟರಲ್ಲಿ ಅವನು ಅದನ್ನು ಆನ್ ಮಾಡಿಯಾಗಿತ್ತು.

"ಬಂದ್ಯಾ? ಕೂತ್ಕೋ..."

ಹೊಸ ಡ್ರೈವರ್ ಒಗ್ಗಿತ್ತು, ಗೊರಗೊರ ಇರಲಿಲ್ಲ. ನರಳಿಕೆ ಕೇಳುತ್ತಿದ್ದ ಜಾಗದಲ್ಲಿ ಈಗ ತಿಳಿಯಾದ ನಗು! ಉಸಿರು ಕಟ್ಟುವಷ್ಟು, ಹೊಟ್ಟೆ ಹಿಡಿದುಕೊಂಡು ನಗುವ ನಗು.

ಅವನು ಅಲ್ಲೇ ನೆಲದ ಮೇಲೆ ಕೂತ.

"ತಪ್ಪಾಯ್ತು! ಹಳೇದು ಎಲ್ಲೂ ಹೋಗಿಲ್ಲ, ಈಗ್ಲೇ ವಾಪಸ್ ತರ್ತೀನಿ..."

"ಬೇಡ... ಇನ್ನೊಂದ್ಸಲ ಹಾಕಿ."

ಹಾಕಿದಳು. ಅವನ ಕೆನ್ನೆ ತೋಯ್ದಿತ್ತು.

"ನಮ್ಮಕ್ಕ," ಎಂದ. "ಅವಳದೇ ಕಂಪ್ಯೂಟರ್, ಪಕ್ಕದ ಮನೆಯವರು ತಂದುಕೊಟ್ಟಿದ್ದು. ಹುಷಾರಿಲ್ಲ, ಬಂದು ಹೋಗೋ ಅಂತ ಫೋನ್ ಮಾಡಿದ್ಲು. ಈ ಆಪ್ ಮುಗಿಸಿ ಬರ್ತೀನಿ ಅಂದೆ. ಮುಗಿಸೋ ಹೊತ್ತಿಗೆ ಅವಳೇ ಇರ್ಲಿಲ್ಲ. ನಾನು ಆನ್ ಮಾಡಿದ ಕೂಡ್ಲೇ ಕೇಳ್ಲಿ ಅಂತ ಈ ದನಿ ಇಟ್ಟು ಹೋಗಿದ್ಲು. ನೋವಲ್ಲಿ ನರಳ್ತಿದ್ದಾಳೆ ಅಂದ್ಕೊಂಡು ದಿನಾ ಕೇಳ್ತಿದ್ದೆ... ನನಗೆ ಇದೇ ಶಿಕ್ಷೆ ಅಂತ."

"ನಗ್ತಿದ್ದಾರಲ್ರೀ ಅವರು!"

"ಹೂಂ... ನನ್ನನ್ನ ರೇಗಿಸೋವಾಗ ಹೀಗೇ ನಗೋಳು."

ಅವಳು ಪಕ್ಕದಲ್ಲೇ ಕೂತಳು. ಎಷ್ಟೋ ದಿನದ ಭಾರ ಎದೆಯಿಂದ ಇಳಿದಂತಾಯಿತು, ಅದರ ಜೊತೆಗೆ ನಾಚಿಕೆಯೂ.

"ನಿಮ್ಮ ಹೆಂಡತಿ ದನಿ ಅಂತ ನಾನು ಹೊಟ್ಟೆ ಉರ್ಕೊಳ್ತಿದ್ದೆ."

"ನಿಮಗ್ಯಾಕ್ರೀ ಹೊಟ್ಟೆ ಉರೀಬೇಕು?"

"ಗೊತ್ತಿಲ್ವಾ?"

"ಗೊತ್ತು... ಆದ್ರೂ ನಿಮ್ಮ ಬಾಯಲ್ಲೇ ಕೇಳ್ಬೇಕು."

"ನಿಮ್ಮನ್ನ ಕಂಡ್ರೆ ಇಷ್ಟ. ತುಂಬಾ... ಸಾಕಾ?"

ಅವನು ಹತ್ತಿರ ಸರಿದ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೇಳಿದ:

"ಅಕ್ಕನ ಮನೆ ಬೀಗ ಇನ್ನೂ ತೆಗೆದಿಲ್ಲ ನಾನು. ಒಬ್ಬನೇ ಒಳಗೆ ಹೋಗೋಕೆ ಧೈರ್ಯ ಸಾಲ್ಲಿಲ್ಲ. ನನ್ನ ಜೊತೆ ಬರ್ತೀಯಾ?"

"ಬರ್ತೀನಿ. ಯಾವಾಗ?"

"ಈಗ್ಲೇ."

"ಅಯ್ಯೋ, ಕೆಲಸ ಅರ್ಧಕ್ಕೇ ನಿಂತಿದೆಯಲ್ರೀ!"

"ನಿಂತಿರ್ಲಿ ಬಿಡು. ಬಾ."