ಹಸಿರು ಫೈಲು

"ಹ್ಯಾಂಡಲ್ ನೋಡ್ಬೇಡ ಕಣೇ, ರಸ್ತೆ ನೋಡು!"

ಮಹಡಿ ಮನೆಯ ಅಂಕಲ್ ಸೈಕಲ್ಲಿನ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದರು. ಬುಗುರಿ ಹಲ್ಲು ಕಚ್ಚಿ ಪೆಡಲ್ ತುಳಿದಳು. ಒಂದು ಕಡೆ ಕೂತವಳಲ್ಲ ಎಂದು ಮನೆಯವರು ಇಟ್ಟ ಹೆಸರು ಅದು.

ಗೇಟಿನ ಹತ್ತಿರ ಅಂಕಲ್ ಏದುಸಿರು ಬಿಡುತ್ತ ನಿಂತರು. "ನನ್ನ ಮಗಳಿಗೆ ಇದು ಚಿಕ್ಕದಾಯ್ತು. ನೀನೇ ಇಟ್ಕೋ. ಅಕ್ಕನಿಗೊಂದು ಮಾತು ಹೇಳು, ಸಾಕು. ನನ್ನ ವ್ಯಾನಿಗೆ ಲಾರಿ ಗುದ್ದಿತ್ತಲ್ಲ, ಅದರ ಇನ್ಶೂರೆನ್ಸ್ ಫೈಲು ಅವಳ ಮೇಜಿನ ಟ್ರೇಯಲ್ಲೇ ಇದೆ. ಹಸಿರು ಬಣ್ಣದ್ದು. ಮೇಲಕ್ಕೆ ಇಟ್ಬಿಡ್ಲಿ. ವ್ಯಾನಿಲ್ದೆ ಕೈ ಕಟ್ಟಿ ಕೂತಿದೀನಿ ಕಣೇ."

ಮರುದಿನ ಶನಿವಾರ. ಶಾಲೆ ಬಿಟ್ಟವಳೇ ಮನೆಯ ಬೀಗದ ಕೈ ಇಸಿದುಕೊಳ್ಳಲು ಬುಗುರಿ ಅಕ್ಕನ ಇನ್ಶೂರೆನ್ಸ್ ಆಫೀಸಿಗೆ ಹೋದಳು. ಅಕ್ಕ ಅಲ್ಲಿ ಅಪ್ರೆಂಟಿಸ್. ಅಂದರೆ ಕೆಲಸ ಮಾಡುತ್ತಲೇ ಕೆಲಸ ಕಲಿಯುವವಳು. ಮೇಡಂ ಒಪ್ಪಿದರೆ ಮಾತ್ರ ಆಮೇಲೆ ಕಾಯಂ.

ಅಕ್ಕ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಸೀಲು ಒತ್ತುತ್ತಿದ್ದಳು. ಕಣ್ಣ ಸುತ್ತ ಕಪ್ಪು. ಯಾರೋ ಹೊಸ ಫೈಲು ಕೊಟ್ಟರು. ಅವಳು ಟ್ರೇಯಲ್ಲಿದ್ದ ಇಡೀ ರಾಶಿಯನ್ನು ಎತ್ತಿ, ಹೊಸದನ್ನು ತಳಕ್ಕೆ ತೂರಿಸಿದಳು.

"ಅಕ್ಕಾ, ಸೈಕಲ್ಲು..."

"ಆಮೇಲೆ ಕಣೇ. ತಲೆ ಸಿಡೀತಿದೆ."

ಅಷ್ಟರಲ್ಲಿ ಒಳಗಿನಿಂದ ಮೇಡಂ ಕರೆದರು. ಅಕ್ಕ ಹೋದಳು.

ಬುಗುರಿ ಟ್ರೇ ನೋಡಿದಳು. ತಳದಿಂದ ಮೂರನೆಯದು ಹಸಿರು. ಅಕ್ಕನಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದುಕೊಂಡು ಅದನ್ನು ಎಳೆದು ಎಲ್ಲಕ್ಕಿಂತ ಮೇಲಿಟ್ಟಳು.

ಅಕ್ಕ ಬಂದು, ಕುರ್ಚಿಯಲ್ಲಿ ಕುಸಿದು, ಮೇಲಿನ ಫೈಲು ತೆಗೆದಳು. ಎದುರು ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಕೋಲು ಊರಿ ಅರ್ಧ ಎದ್ದವರು ಹಾಗೇ ನಿಂತರು.

"ನಂದಲ್ವಾ ಮಗಾ? ನಂದು ಕೆಂಪು. ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ, ಮೇಲೆ ಬಂದಿತ್ತು."

ಅಕ್ಕ ಹಸಿರು ಫೈಲಿನ ಮೇಲಿದ್ದ ಸೀಲಿನ ತಾರೀಕು ನೋಡಿದಳು. ಆಮೇಲೆ ಬುಗುರಿಯನ್ನು ನೋಡಿದಳು. ಬುಗುರಿಯ ಕಿವಿ ಬಿಸಿಯಾಯಿತು.

ಮೇಡಂ ಬಾಗಿಲಲ್ಲೇ ನಿಂತಿದ್ದರು. "ಇಷ್ಟು ತಿಂಗಳಾದ್ರೂ ಟ್ರೇ ಜೋಡಿಸೋದು ಬರ್ಲಿಲ್ವಾ ನಿನಗೆ? ಹೀಗಾದ್ರೆ ನಿನ್ನನ್ನ ಕಾಯಂ ಮಾಡಿ ಅಂತ ನಾನು ಹೇಗೆ ಬರೆದು ಕಳಿಸ್ಲಿ?"

ಬುಗುರಿ ಬಾಯಿ ತೆರೆದಳು. ಮೇಜಿನ ಕೆಳಗೆ ಅಕ್ಕನ ಕಾಲು ಅವಳ ಕಾಲನ್ನು ಮೆಲ್ಲಗೆ ಒತ್ತಿತು.

"ತಪ್ಪಾಯ್ತು ಮೇಡಂ. ಬನ್ನಿ ಅಜ್ಜಿ, ಕೂತ್ಕೊಳ್ಳಿ, ನಿಮ್ಮದೇ ಮೊದಲು."

ಅಕ್ಕ ಹಸಿರು ಫೈಲನ್ನು ಅದರ ಜಾಗಕ್ಕೇ ಸೇರಿಸಿದಳು. ಬೀಗದ ಕೈ ಕೊಡುವಾಗ ಬೈಯಲಿಲ್ಲ. ಬೈಯುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲವೇನೋ.

"ಅನ್ನ ಮುಚ್ಚಿಟ್ಟಿದೀನಿ. ತಿನ್ನು," ಎಂದಳು, ಅಷ್ಟೇ.

ಬುಗುರಿ ನಡೆದೇ ಮನೆ ಸೇರಿದಳು. ಅವತ್ತು ಒಮ್ಮೆಯೂ ಓಡಲಿಲ್ಲ. ಕೀಲಿಗೆ ಅಕ್ಕನ ಬೆರಳಿನ ನೀಲಿ ಶಾಯಿ ಅಂಟಿತ್ತು.

ಗೇಟಿನ ಬಳಿ ಅಂಕಲ್ ಕಾಯುತ್ತಿದ್ದರು. ಸೈಕಲ್ ಒರೆಸಿ ನಿಲ್ಲಿಸಿದ್ದರು, ಬೆಲ್ಲು ಫಳಫಳ ಹೊಳೆಯುತ್ತಿತ್ತು.

"ಅಕ್ಕನಿಗೆ ಹೇಳಿದ್ಯಾ?"

"ಇಲ್ಲ."

"ಸರಿ ಬಿಡು, ನಾಳೆ ಹೇಳಿದ್ರಾಯ್ತು. ಹತ್ತು, ಇವತ್ತು ಕೈ ಬಿಡ್ತೀನಿ. ಒಬ್ಳೇ ಓಡಿಸ್ತೀಯಂತೆ."

ಬುಗುರಿ ಬೆಲ್ಲನ್ನು ಒಮ್ಮೆ ನೋಡಿದಳು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಸೈಕಲ್ಲು ಬೇಡ ಅಂಕಲ್."